ಟ್ಯಾಬ್‌ನಲ್ಲಿ ಇಲ್ಲದ ಬಟನ್

ಪೀಣ್ಯದ ಮಷಿನ್ ಶಾಪ್‌ಗಳಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್, ಪಕ್ಕ ಒಂದು ಟ್ಯಾಬ್ ಇರುವುದು ಈಗ ಹೊಸದೇನಲ್ಲ. ಮಷಿನ್ ನಿಂತರೆ ಆಪರೇಟರ್ ಕಾರಣ ಒತ್ತಬೇಕು: ಸೆಟ್ಟಿಂಗ್ (ಮುಂದಿನ ಕೆಲಸಕ್ಕೆ ಮಷಿನ್ ಹೊಂದಿಸೋದು), ಬ್ರೇಕ್‌ಡೌನ್, ಮೆಟೀರಿಯಲ್ ಇಲ್ಲ, ಇತರೆ. ನಾನು ಪ್ಲಾನಿಂಗ್‌ನಲ್ಲಿದ್ದ ಕಂಪನಿಯಲ್ಲಿ ಎಲ್ಲರೂ ಒತ್ತುತ್ತಿದ್ದದ್ದು ‘ಇತರೆ’ಯನ್ನೇ.

ಸೋಮಾರಿತನ ಅಲ್ಲ ಅದು. ಯಾರ ಮಷಿನ್ ಎಷ್ಟು ಹೊತ್ತು ನಿಂತಿತ್ತು ಅಂತ ಬೆಳಗಿನ ಮೀಟಿಂಗ್‌ನಲ್ಲಿ ಹೆಸರು ಸಮೇತ ತೋರಿಸುತ್ತಿದ್ದರು. ಸೆಟ್ಟಿಂಗ್ ಅಂದವನಿಗೆ ಬೈಗುಳ. ಬ್ರೇಕ್‌ಡೌನ್ ಅಂದರೆ ಮೇಂಟೆನೆನ್ಸ್‌ನವರ ಜೊತೆ ಜಗಳ. ‘ಇತರೆ’ ಅಂದರೆ ಯಾರ ತಂಟೆಯೂ ಇಲ್ಲ, ಅಲ್ವಾ?

ಮೇಲಿನವರು ನೋಡುತ್ತಿದ್ದದ್ದು ಒಇಇ ಒಂದನ್ನೇ. ಮಷಿನ್ ಎಷ್ಟು ಹೊತ್ತು ಓಡಿತು, ಎಷ್ಟು ವೇಗವಾಗಿ ಓಡಿತು, ಎಷ್ಟು ಪೀಸ್ ಸರಿಯಾಗಿ ಬಂತು, ಈ ಮೂರನ್ನೂ ಗುಣಿಸಿದರೆ ಬರುವ ಅಂಕಿ ಅದು. ಮೂರೂ 90% ಇದ್ದರೂ ಕೊನೆಗೆ ಸಿಗೋದು ಸುಮಾರು 73% ಮಾತ್ರ. ಅಂಕಿ ಬಿದ್ದಿದೆ ಅಂತ ಸ್ಕ್ರೀನ್ ಹೇಳುತ್ತದೆ. ಯಾಕೆ ಅಂತ ಗೊತ್ತಿರೋದು ಮಷಿನ್ ಮುಂದೆ ನಿಂತವನಿಗೆ.

ಆಮೇಲೆ ಬಂದ ಪ್ಲಾಂಟ್ ಹೆಡ್ ಸಾಫ್ಟ್‌ವೇರ್ ಬದಲಿಸುವ ಗೋಜಿಗೆ ಹೋಗಲಿಲ್ಲ. ಸ್ಕ್ರೀನ್‌ನಿಂದ ಹೆಸರು ತೆಗೆಸಿದರು. ಮೀಟಿಂಗನ್ನು ಎಸಿ ರೂಮಿನಿಂದ ಮಷಿನ್‌ಗಳ ಹತ್ತಿರಕ್ಕೆ ತಂದರು. ನೈಟ್ ಶಿಫ್ಟ್‌ನವರು ಹೊರಡುವ ಮುಂಚೆ ಒಂದೇ ಪ್ರಶ್ನೆ: “ಈ ಟ್ಯಾಬ್‌ನಲ್ಲಿ ಯಾವ ಬಟನ್ ಇಲ್ಲ ಹೇಳಿ.”

ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಹಾಸನದ ಕಡೆಯ ಒಬ್ಬ ಹುಡುಗ, “ಸಾರ್, ಇನ್ಸರ್ಟ್‌ಗೆ ಕಾಯೋದು ಅಂತ ಒಂದು ಹಾಕ್ಸಿ” ಅಂದ. ಟೂಲ್ ತುದಿಯಲ್ಲಿ ಕತ್ತರಿಸುವ ಚಿಕ್ಕ ತುಂಡು, ಅಂದರೆ ಇನ್ಸರ್ಟ್, ಸವೆದರೆ ಹೊಸದನ್ನು ಸ್ಟೋರ್ಸ್‌ನಿಂದ ತರಬೇಕು. ರಾತ್ರಿ ಸ್ಟೋರ್ಸ್‌ಗೆ ಬೀಗ, ಕೀ ಸೂಪರ್‌ವೈಸರ್ ಜೇಬಿನಲ್ಲಿ, ಸೂಪರ್‌ವೈಸರ್ ಪಕ್ಕದ ಶೆಡ್‌ನಲ್ಲಿ! ಲಕ್ಷಾಂತರ ರೂಪಾಯಿಯ ಮಷಿನ್ ಸುಮ್ನೆ ನಿಂತಿರುತ್ತಿತ್ತು.

ಬಟನ್ ಬಂತು. ಅದರ ಲೆಕ್ಕ ಕಂಡ ಮೇಲೆ ಪರ್ಚೇಸ್‌ನವರೂ ತಕರಾರು ತೆಗೆಯಲಿಲ್ಲ. ಪ್ರತಿ ಸಾಲಿಗೂ ಒಂದು ಇನ್ಸರ್ಟ್ ಪೆಟ್ಟಿಗೆ ಇಟ್ಟರು. ಸವೆದದ್ದನ್ನು ಹಾಕಿಯೇ ಹೊಸದನ್ನು ತಗೋಬೇಕು ಅನ್ನುವ ನಿಯಮ ಆಪರೇಟರ್‌ಗಳದ್ದೇ. ಸಾಮಾನು ಕಳುವಾಗುತ್ತೆ ಅಂತ ಅಡ್ಡ ನಿಂತಿದ್ದ ಸ್ಟೋರ್ಸ್‌ನವರು ಅದಕ್ಕೆ ಒಪ್ಪಿದರು.

ಇನೋವೇಶನ್ ಅಂತ ದೊಡ್ಡ ಹೋಟೆಲ್‌ಗಳಲ್ಲಿ ಟ್ರೈನಿಂಗ್ ಕೊಡಿಸುತ್ತಾರಲ್ಲ, ನಾನೂ ಹೋಗಿದ್ದೇನೆ, ಊಟ ಚೆನ್ನಾಗಿರುತ್ತೆ. ಟೊಯೊಟಾದಲ್ಲಿ ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದು ಲೈನನ್ನೇ ನಿಲ್ಲಿಸಬಹುದು ಅಂತ ಅಲ್ಲೇ ಕೇಳಿದ್ದು. ಎಳೆದವನಿಗೆ ಬೈದರೆ ಮುಂದೆ ಯಾರು ಎಳೆಯುತ್ತಾರೆ ಅನ್ನೋದನ್ನ ಮಾತ್ರ ಶಾಪ್‌ನಲ್ಲೇ ನೋಡಿದೆ.

ಮುಂದಿನ ಬೇಡಿಕೆ ‘ಕ್ರೇನ್‌ಗೆ ಕಾಯೋದು’. ಇನ್ನೊಂದು ಕ್ರೇನ್‌ಗೆ ದುಡ್ಡಿಲ್ಲ ಅಂತ ಪ್ಲಾಂಟ್ ಹೆಡ್ ನೇರವಾಗಿ ಹೇಳಿ, ಕೊಟೇಶನ್ ಮುಂದಿಟ್ಟರು. ಎರಡು ಶಿಫ್ಟ್‌ನವರು ಕೂತು ಮಾತಾಡಿ, ಭಾರದ ಜಾಬ್‌ಗಳನ್ನೆಲ್ಲ ಕ್ರೇನ್ ಬಿಡುವಿರುವ ಹೊತ್ತಿಗೆ ಹಾಕಿ ಅಂತ ನನ್ನ ಪ್ಲಾನ್ ಶೀಟ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೊಟ್ಟರು.