ಬಾಯಿ ಎಷ್ಟದ ಹೇಳು

ಮಾರ್ಚ್ ಮುಗಿಯುವ ಹೊತ್ತಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಅಂಗಡಿಗಳ ಮುಂದೆ ತಗಡಿನ ಕೂಲರ್‌ಗಳು ಸಾಲು ಹಚ್ಚಿ ನಿಲ್ಲುತ್ತವೆ. ಮೊನ್ನೆ ಬುಧವಾರ ಸಂಜೆ ಅಂಥ ಒಂದು ಅಂಗಡಿಯ ಮುಂದೆ ಹೊಸ ಸೆಡಾನ್ ಒಂದು, ಹೊಸ ಕೂಲರ್ ಒಂದು, ಒಂದರೊಳಗೆ ಇನ್ನೊಂದನ್ನು ತೂರಿಸಲು ಬೆವರು ಸುರಿಸುತ್ತಿದ್ದ ಮೂವರು. ಕೂಲರ್ ಎರಡಡಿ ಚೌಕ, ಎತ್ತರ ಮೂರಡಿ. ಡಿಕ್ಕಿ ತೆರೆದು ಅಡ್ಡ ಹಿಡಿದರು, ಉದ್ದ ಹಿಡಿದರು, ಹುಲ್ಲು ತುಂಬಿದ ಪಕ್ಕದ ಜಾಲರಿಗಳನ್ನು ಬಿಚ್ಚಿ ಹಿಡಿದರು. ಹಿಂದಿನ ಸೀಟಿನ ಬಾಗಿಲು ತೆರೆದು ನೋಡಿದರು. ಕೊನೆಗೆ ಕಾರಿನ ಯಜಮಾನನ ಭಾವಮೈದುನ ಎಲ್ಲಿಂದಲೋ ನೈಲಾನ್ ಹಗ್ಗ ತಂದ.

ಅಂಗಡಿಯ ಹುಡುಗ ಮೊದಲೇ ಹೇಳಿದ್ದ: "ಟಂಟಂ ಆಟೊ ಕರೀಲೇನ್ರಿ ಅಣ್ಣಾರ?" ಕಾರಿನ ಯಜಮಾನನಿಗೆ ಅದು ಮಾನದ ಪ್ರಶ್ನೆ. "ಬ್ಯಾಡೋ. ನಾಕನೂರಾ ಇಪ್ಪತ್ತು ಲೀಟರ್ ಡಿಕ್ಕಿ ಅದ. ಹಿಡೀಲೇಬೇಕು."

ಪಕ್ಕದಲ್ಲಿ ಬಣ್ಣ ಮಾಸಿದ ಒಂದು ಇಂಡಿಗೊ ಮರೀನಾ, ಟಾಟಾದ ಹಳೇ ವ್ಯಾಗನ್ ಕಾರು, ನಿಂತಿತ್ತು. ಅದರ ಯಜಮಾನರು ಮದುವೆ ಅಡುಗೆ ಹಿಡಿಯುವ ಹಿರಿಯರು. ಒಳಗಿದ್ದ ಬೋಗುಣಿ, ಸೌಟುಗಳು ಅದನ್ನು ಹೇಳುತ್ತಿದ್ದವು. ಎಲೆ ಅಡಿಕೆ ಅಗಿಯುತ್ತ ಅಷ್ಟೂ ಹೊತ್ತು ನೋಡಿದವರು ಆಗ ಬಾಯಿ ಬಿಟ್ಟರು. "ಲೀಟರ್ ತಗೊಂಡು ಏನ್ ಮಾಡ್ತಿ ತಮ್ಮಾ, ಹಾಲು ಹಾಕ್ತೀಯೇನು? ಬಾಯಿ ಎಷ್ಟದ ಹೇಳು."

ಸುತ್ತ ನಿಂತವರು ನಕ್ಕರು. ಆದರೆ ಆ ಮಾತು ನಕ್ಕು ಬಿಡುವಂಥದ್ದಲ್ಲ. ಕಾರು ಕೊಳ್ಳುವವರು ಶೋರೂಮಿನಲ್ಲಿ ಮೈಲೇಜ್ ಕೇಳುತ್ತಾರೆ, ಸನ್‌ರೂಫ್ ಕೇಳುತ್ತಾರೆ, ಪರದೆ ಎಷ್ಟು ಇಂಚು ಎಂದು ಕೇಳುತ್ತಾರೆ. ಡಿಕ್ಕಿಯ ಬಾಯಿ ಎಷ್ಟು ಎಂದು ಕೇಳಿದವರನ್ನು ಕಾಣುವುದು ಕಷ್ಟ.

ಡಿಕ್ಕಿಯ ಲೀಟರ್ ಲೆಕ್ಕ ಹೇಗೆ ಬರುತ್ತದೆ ಗೊತ್ತಾದರೆ ಆ ಹಿರಿಯರ ಸಿಟ್ಟು ಅರ್ಥವಾಗುತ್ತದೆ. ಜರ್ಮನಿಯ ವಾಹನ ತಯಾರಕರ ಸಂಘ ವಿಡಿಎ ರೂಢಿಗೆ ತಂದ ಪದ್ಧತಿ ಅದು: 200 ಮಿಲಿಮೀಟರ್ ಉದ್ದ, 100 ಅಗಲ, 50 ದಪ್ಪದ ತುಂಡುಗಳನ್ನು ಸಂದುಗೊಂದಿಯೆಲ್ಲ ಬಿಡದೆ ಒಟ್ಟುವುದು. ಒಂದು ತುಂಡು ಸರಿಯಾಗಿ ಒಂದು ಲೀಟರ್. ಡಿಕ್ಕಿಯೊಳಗೆ ಉಬ್ಬಿ ಬರುವ ಚಕ್ರದ ಗುಬ್ಬಿಯ ಹಿಂದಿನ ಮೂಲೆಯಲ್ಲಿ ಹತ್ತು ತುಂಡು ಹಿಡಿಸಿದರೆ ಅದೂ ಹತ್ತು ಲೀಟರ್. 420 ಇಟ್ಟಿಗೆ ಒಯ್ಯುವವನಿಗೆ ಸೆಡಾನ್ ಬಹಳ ಚಲೋ ಗಾಡಿ. ಕೂಲರ್ ಒಯ್ಯುವವನಿಗೆ ಬೇಕಾದದ್ದು ಬೇರೆ ಲೆಕ್ಕ. ಸೆಡಾನಿನ ಮುಚ್ಚಳ ಹಿಂದಿನ ಗಾಜಿನ ಕೆಳಗೇ ಮುಗಿಯುವುದರಿಂದ ಬಾಯಿಯ ಎತ್ತರ ಒಂದೂವರೆ ಅಡಿಯ ಆಚೀಚೆ. ಅದರಲ್ಲೂ ಕಬ್ಬಿಣದ ಬಾಗಿದ ಎರಡು ತೋಳುಗಳು ಮುಚ್ಚಳದ ಜೊತೆ ಒಳಗಿಳಿದು ಜಾಗ ತಿನ್ನುತ್ತವೆ. ಸೂಟ್‌ಕೇಸ್ ಒಳಗೆ ಹೋಯಿತು, ಮುಚ್ಚಳ ಮುಚ್ಚಲಿಲ್ಲ ಎಂದರೆ ಆ ತೋಳಿನದೇ ಕಿತಾಪತಿ.

ಎಸ್ಟೇಟ್ ಅಥವಾ ಸ್ಟೇಷನ್ ವ್ಯಾಗನ್ ಎಂದರೆ ಇಷ್ಟೇ: ಅದೇ ಸೆಡಾನ್, ಅದೇ ಇಂಜಿನ್, ಅದೇ ಎತ್ತರ, ಚಾವಣಿಯನ್ನು ಮಾತ್ರ ಹಿಂದಿನ ಬಂಪರ್‌ವರೆಗೆ ಎಳೆದು ಕೊನೆಗೊಂದು ದೊಡ್ಡ ಬಾಗಿಲು. ಹೆಸರು ಬಂದದ್ದೇ ರೈಲು ನಿಲ್ದಾಣದಿಂದ, ಇಳಿದವರನ್ನು ಗಂಟುಮೂಟೆ ಸಮೇತ ಮನೆ ಮುಟ್ಟಿಸುವ ಗಾಡಿ. ನಮ್ಮ ಟಾಂಗಾ ಮಾಡುತ್ತಿದ್ದ ಕೆಲಸ. ಅಮೆರಿಕದಲ್ಲಿ ಫೋರ್ಡ್ 1929ರಲ್ಲಿ ಮಾಡೆಲ್ ಎ ಮೇಲೆ ಮರದ ಮೈಯ ವ್ಯಾಗನ್ ಮಾಡಿ ದೊಡ್ಡ ಪ್ರಮಾಣದಲ್ಲಿ ಮಾರಿತು. ಸ್ವೀಡನ್ನಿನ ವೋಲ್ವೊ 1953ರಲ್ಲಿ ಡ್ಯುಯೆಟ್ ತಂದಾಗ ಹೇಳಿಕೊಂಡದ್ದು, ವಾರವೆಲ್ಲ ದಂಧೆಗೆ, ರಜಾದಿನ ಮನೆಮಂದಿಗೆ, ಎರಡಕ್ಕೂ ಒಂದೇ ಗಾಡಿ ಅಂತ. ಎಷ್ಟೋ ವ್ಯಾಗನ್‌ಗಳ ಹಿಂದಿನ ದೀಪಗಳನ್ನು ಬಾಗಿಲ ಪಕ್ಕದ ಕಂಬಕ್ಕೆ ಉದ್ದುದ್ದ ಅಂಟಿಸಿದ್ದು ಚಂದಕ್ಕೆಂದು ಹಲವರ ತಿಳಿವಳಿಕೆ. ದೀಪ ಅಡ್ಡ ಹರಡಿದರೆ ಬಾಗಿಲು ಸಣ್ಣದಾಗುತ್ತದೆ, ಮೇಲಕ್ಕೆ ಹೋದರೆ ಬಾಯಿ ಅಗಲವಾಗುತ್ತದೆ. ಮರೀನಾದ ದೀಪಗಳೂ ಹಾಗೆಯೇ ಕಂಬ ಹತ್ತಿ ಕೂತಿವೆ.

ಬಾಯಿ ಅಳೆಯಲು ಒಂದು ಇಂಚ್ ಟೇಪ್ ಸಾಕು. ದೀಪಗಳ ನಡುವೆ ಎಲ್ಲಿ ಅತಿ ಕಿರಿದೋ ಅಲ್ಲಿನ ಅಗಲ. ಕೆಳಗಿನ ಅಂಚಿನಿಂದ ಮೇಲಿನ ರಬ್ಬರ್ ಬೀಡಿಂಗ್‌ವರೆಗೆ ಎತ್ತರ. ಚಕ್ರದ ಎರಡು ಗುಬ್ಬಿಗಳ ನಡುವಿನ ನೆಲ. ಸೀಟು ನಿಂತಾಗ ಮತ್ತು ಮಡಚಿದಾಗ ನೆಲದ ಉದ್ದ. ಸೀಟು ಮಡಚಿದ ಮೇಲೆ ನೆಲ ಸಪಾಟಾಗಿದೆಯೋ ಮೆಟ್ಟಿಲು ಬೀಳುತ್ತದೆಯೋ ಅದನ್ನೂ ನೋಡಬೇಕು. ಮೆಟ್ಟಿಲಿದ್ದರೆ ಭಾರದ ಪೆಟ್ಟಿಗೆ ಜಾರಿಸಲು ಆಗದು. ಕೊನೆಯದು, ಎಲ್ಲರೂ ಮರೆಯುವುದು: ರಸ್ತೆಯಿಂದ ಅಂಚಿನ ಎತ್ತರ. ಗಂಜ್‌ನಲ್ಲಿ 50 ಕಿಲೋದ ತೊಗರಿ ಚೀಲ ಎತ್ತುವ ಹಮಾಲನನ್ನು ಕೇಳಿ, ಮೊಣಕಾಲಿಗೂ ಸೊಂಟಕ್ಕೂ ಇರುವ ಅಂತರ ಏನೆಂದು ಅವನು ಹೇಳುತ್ತಾನೆ. ಈಗಿನ ಎತ್ತರದ ಎಸ್‌ಯುವಿಗಳ ಸೊಕ್ಕು ಇಳಿಯುವುದು ಇಲ್ಲಿಯೇ. ನೋಡಲು ಆನೆ, ಚೀಲ ಹಾಕಲು ಏಣಿ ಬೇಕು.

ಇಷ್ಟೆಲ್ಲ ಉಪಯೋಗದ ಗಾಡಿ ನಮ್ಮಲ್ಲಿ ಯಾಕೆ ನಿಲ್ಲಲಿಲ್ಲ? ಟಾಟಾ 1992ರಲ್ಲೇ ಎಸ್ಟೇಟ್ ಎಂಬ ಹೆಸರಿನಲ್ಲೇ ಒಂದನ್ನು ತಂದಿತ್ತು. ಆಮೇಲೆ ಮಾರುತಿಯ ಬಲೆನೊ ಆಲ್ಟುರಾ, ಓಪೆಲ್ ಕೊರ್ಸಾ ಸ್ವಿಂಗ್, ಸ್ಕೋಡಾ ಆಕ್ಟೇವಿಯಾ ಕಾಂಬಿ ಬಂದವು, ಹೋದವು. 2004ರಲ್ಲಿ ಮರೀನಾ. ಜನಕ್ಕೆ ಅದು ಶವ ಸಾಗಿಸುವ ವ್ಯಾನಿನಂತೆ ಕಂಡಿತು, ನಿಜ. ಹಿಂದೆ ಡಿಕ್ಕಿ ಉಬ್ಬದಿದ್ದರೆ ಬೀಗರ ಮನೆ ಮುಂದೆ ಅದು ಪೂರಾ ಕಾರು ಅನ್ನಿಸದು. ಆದರೆ ದೊಡ್ಡ ಹೊಡೆತ ಕೊಟ್ಟದ್ದು ತೆರಿಗೆಯ ಅಳತೆಗೋಲು. 2006ರ ಬಜೆಟ್ಟಿನಲ್ಲಿ 4 ಮೀಟರ್ ಒಳಗಿನ ಸಣ್ಣ ಇಂಜಿನ್ ಕಾರುಗಳ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳಿಯಿತು. ಮರೀನಾದ ಉದ್ದ 4150 ಮಿಲಿಮೀಟರ್. ಒಂದು ಗೇಣೂ ತುಂಬದ ಆ 150 ಮಿಲಿಮೀಟರಿಗೆ ಅದು ದೊಡ್ಡ ಗಾಡಿ ಎನಿಸಿಕೊಂಡಿತು. 2008ರಲ್ಲಿ ಅದೇ ಇಂಡಿಗೊದ ಬಾಲ ಕತ್ತರಿಸಿ 3988 ಮಿಲಿಮೀಟರಿಗೆ ಇಳಿಸಿ ಸಿಎಸ್, ಅಂದರೆ ಕಾಂಪ್ಯಾಕ್ಟ್ ಸೆಡಾನ್, ಎಂದು ಮಾರಿದರು. ಮೋಟು ಡಿಕ್ಕಿಯ ಸೆಡಾನ್‌ಗಳ ಸಾಲು ಶುರುವಾದದ್ದು ಅಲ್ಲಿಂದ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ದರ ಬದಲಾದರೂ ಆ 4 ಮೀಟರ್ ಗೆರೆ ಅಳಿಸಿಲ್ಲ: ಒಳಗಿದ್ದು ಇಂಜಿನ್ ಸಣ್ಣದಿದ್ದರೆ ಶೇ 18, ಆಚೆಗೆ ಶೇ 40. ಉದ್ದವೇ ಉಪಯೋಗವಾದ ಗಾಡಿಗೆ ಉದ್ದವೇ ದಂಡ.

ಹಾಗೆಂದು ಹಳೇ ವ್ಯಾಗನ್ ಕಂಡ ಕೂಡಲೇ ಮುಂಗಡ ಕೊಡಬಾರದು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಮತ್ತೆ ಫಿಟ್‌ನೆಸ್ ಮಾಡಿಸಿ, ಹಸಿರು ತೆರಿಗೆ ಕಟ್ಟಿ 5 ವರ್ಷಕ್ಕೆ ನವೀಕರಿಸಿದ್ದಾರೋ ನೋಡಬೇಕು. ಆಮೇಲೆ ಹಿಂದಿನ ಬಾಗಿಲು. ಅದನ್ನು ಎತ್ತಿ ಹಿಡಿಯುವ ಎರಡು ಗ್ಯಾಸ್ ಶಾಕಪ್‌ಗಳಲ್ಲಿ ತುಂಬಿರುವುದು ಒತ್ತಡದ ನೈಟ್ರೋಜನ್. ತಾಪ ಏರಿದರೆ ಒತ್ತಡ ಏರುತ್ತದೆ. 42 ಡಿಗ್ರಿಯ ಕಲಬುರಗಿ ಮಧ್ಯಾಹ್ನಕ್ಕೂ 15 ಡಿಗ್ರಿಯ ಡಿಸೆಂಬರ್ ಬೆಳಗಿಗೂ ಶೇ 9ರಷ್ಟು ವ್ಯತ್ಯಾಸ. ಅದಕ್ಕೇ ಮಾರುವವ ಮಧ್ಯಾಹ್ನ ಕರೆಯುತ್ತಾನೆ. ನೀವು ನಸುಕಿನಲ್ಲಿ ಹೋಗಿ. ಬಾಗಿಲು ಅರ್ಧಕ್ಕೆ ಎತ್ತಿ ಬಿಟ್ಟರೆ ತಾನೇ ಮೇಲೇರಬೇಕು, ತಲೆ ಮೇಲೆ ಇಳಿಯಬಾರದು. ಬದಲಾಯಿಸುವುದಾದರೆ ಎರಡನ್ನೂ ಒಟ್ಟಿಗೆ, ಇಲ್ಲದಿದ್ದರೆ ಬಾಗಿಲು ಸೊಟ್ಟ ಎಳೆಯುತ್ತದೆ. ಬಾಗಿಲಿಗೆ ಗಟ್ಟಿ ಕೋಲು ಕೊಟ್ಟು, ತುದಿಯ ಕ್ಲಿಪ್ಪನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೀಟಿ, ಶಾಕಪ್ ಕೂತಿರುವ ಲೋಹದ ಗುಂಡಿನಿಂದ ಅದನ್ನು ಎಳೆದರೆ ಬಂತು. ಹೊಸದನ್ನು ಕೂಡಿಸುವಾಗ ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ ತೆಳು ಸರಳು ಕೆಳಗೆ ಬರಬೇಕು. ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತರೆ ಸೀಲ್ ಒಣಗುವುದಿಲ್ಲ. ಹಳೆಯದನ್ನು ಕತ್ತರಿಸುವುದು, ಬೆಂಕಿಗೆ ಹಾಕುವುದು ಬೇಡವೇ ಬೇಡ, ಸಿಡಿಯುತ್ತದೆ.

ಎರಡನೇ ರೋಗ ವೈರಿನದು. ಚಾವಣಿಯಿಂದ ಬಾಗಿಲಿಗೆ ಹೋಗುವ ವೈರುಗಳು ಒಂದು ರಬ್ಬರ್ ಕೊಳವೆಯೊಳಗೆ ದಿನಾ ಮಡಚಿ ಬಿಚ್ಚಿ ಒಳಗಿಂದಲೇ ತುಂಡಾಗುತ್ತವೆ. ಮೊದಲು ನಂಬರ್ ಪ್ಲೇಟಿನ ದೀಪ ಹೋಗುತ್ತದೆ, ಆಮೇಲೆ ಹಿಂದಿನ ವೈಪರ್. ಮೆಕ್ಯಾನಿಕ್ ಬಲ್ಬ್ ಬದಲಿಸುತ್ತಾನೆ, ಮೋಟಾರ್ ಬದಲಿಸುತ್ತಾನೆ, ಕೊಳವೆ ಮಾತ್ರ ಬಿಚ್ಚುವುದಿಲ್ಲ. ಬಿಚ್ಚಿ, ಮೆತ್ತನೆಯ ಎಳೆಗಳ ವೈರ್ ಹಾಕಿ, ಜೋಡಣೆಗಳನ್ನು ಮಡಚುವ ಜಾಗದ ಆಚೆ ಹಿಂದೆಮುಂದೆ ಮಾಡಿ ಬೆಸುಗೆ ಹಚ್ಚಬೇಕು. ಎಲ್ಲ ಗಂಟು ಒಂದೇ ಕಡೆ ಬಂದರೆ ದಪ್ಪವಾಗುತ್ತದೆ, ಮಡಚುವಲ್ಲಿ ಬಂದರೆ ಮತ್ತೆ ಮುರಿಯುತ್ತದೆ. ಮೂರನೆಯದು ಧೂಳು. ಓಡುವ ಗಾಡಿಯ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆ, ಅಲ್ಲಿ ಧೂಳು ಸುಳಿ ಸುತ್ತುತ್ತದೆ, ಬಿಸಿಲಿಗೆ ಕಲ್ಲಾದ ಬೀಡಿಂಗ್ ಸಂದಿನಿಂದ ಒಳಗೆ ನುಗ್ಗುತ್ತದೆ. ಹತ್ತು ರೂಪಾಯಿ ನೋಟನ್ನು ಬಾಗಿಲಿನ ಅಂಚಿಗಿಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ಬೀಡಿಂಗ್ ಸತ್ತಿದೆ.

ಭಾವಮೈದುನ ತಂದ ಹಗ್ಗದ ವಿಷಯಕ್ಕೂ ಇದೇ ಸುಳಿ ಕಾರಣ. ಹಿಂದಿನ ಬಾಗಿಲು ಅರ್ಧ ತೆರೆದು ಹಗ್ಗ ಕಟ್ಟಿ ಓಡಿಸಿದರೆ ಸೈಲೆನ್ಸರಿನ ಹೊಗೆ ಸುಳಿಯಲ್ಲಿ ಸಿಕ್ಕು ವಾಪಸ್ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆ ನೋವು ಶುರುವಾದರೆ ಬಿಸಿಲಿಂದ ಅಂದುಕೊಳ್ಳುತ್ತಾರೆ. ಭಾವಮೈದುನನಿಗೆ ಇದು ಗೊತ್ತಿರಲಿಕ್ಕಿಲ್ಲ. ಆದರೆ ಹಗ್ಗ ಹಿಡಿದು ನಿಂತವನ ಮುಖದಲ್ಲಿ ಏನೂ ಗೊತ್ತಿಲ್ಲದವನ ಅಳುಕು ಸಹ ಇರಲಿಲ್ಲ.

ವ್ಯಾಗನ್ ಇದ್ದರೂ ತುಂಬುವ ರೀತಿ ಇದೆ. ಭಾರವೆಲ್ಲ ಸೀಟಿನ ಬೆನ್ನಿಗೆ ಒತ್ತಿ, ನೆಲಕ್ಕೆ ಹತ್ತಿ ಇರಬೇಕು. ಎರಡು ತೊಗರಿ ಚೀಲ, ಅಂದರೆ 100 ಕಿಲೋ, ಹಿಂದಿನ ಆಕ್ಸೆಲ್‌ನಿಂದ 60 ಸೆಂಟಿಮೀಟರ್ ಆಚೆ ಬಾಗಿಲ ಹತ್ತಿರ ಇಟ್ಟಿರಿ ಅನ್ನಿ. ಮರೀನಾದ ಎರಡು ಆಕ್ಸೆಲ್‌ಗಳ ಅಂತರ 2450 ಮಿಲಿಮೀಟರ್. ತಕ್ಕಡಿ ಲೆಕ್ಕದಲ್ಲಿ ಹಿಂದಿನ ಚಕ್ರಗಳಿಗೆ 124 ಕಿಲೋ ಬೀಳುತ್ತದೆ, ಮುಂದಿನವು 24 ಕಿಲೋ ಹಗುರಾಗುತ್ತವೆ. ಸ್ಟೇರಿಂಗ್ ತೇಲುತ್ತದೆ, ಹೆಡ್‌ಲೈಟ್ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಹಿಂದಿನ ಟೈರಿನ ಗಾಳಿಯನ್ನು ಬಾಗಿಲ ಕಂಬದ ಚೀಟಿಯಲ್ಲಿ ಪೂರ್ಣ ಭಾರಕ್ಕೆ ಬರೆದಷ್ಟು ಏರಿಸಬೇಕು. ಹಿಂದಿನ ಸೀಟಿನಲ್ಲಿ ಯಾರೂ ಇಲ್ಲದಿದ್ದರೂ ಬೆಲ್ಟ್‌ಗಳನ್ನು ಬಕಲ್‌ಗೆ ಹಾಕಿಟ್ಟರೆ ಜೋರು ಬ್ರೇಕಿನಲ್ಲಿ ಬೆನ್ನು ಮಡಚದಂತೆ ಅಷ್ಟು ಆಸರೆ. ಸ್ಟೆಪ್ನಿ ನೆಲದ ಕೆಳಗಿರುವ ಗಾಡಿಯಾದರೆ ಪಂಕ್ಚರ್ ಆದಾಗ ಸಾಮಾನೆಲ್ಲ ರಸ್ತೆಗಿಳಿಸಬೇಕು. ಹೊರಡುವ ಮುಂಚೆ ಅದರ ಗಾಳಿ, ಜ್ಯಾಕ್, ಪಾನಾ ನೋಡಿಕೊಳ್ಳುವುದು ಅದಕ್ಕೇ. ಜ್ಯಾಕ್ ಪಾನಾ ಸೀಟಿನ ಕೆಳಗೆ ಇಟ್ಟರೆ ಇನ್ನೂ ಚಲೋ.

ಈಗ ಹೊಸ ವ್ಯಾಗನ್ ಬೇಕೆಂದರೆ ನಮ್ಮ ಜೇಬಿನ ಅಳತೆಯಲ್ಲಿ ಸಿಗುವುದಿಲ್ಲ. ಮಾರುತಿಯ ಏಳು ಸೀಟಿನ ಎರ್ಟಿಗಾದ ಮೂರನೇ ಸಾಲು ಮಡಚಿ ಐದು ಮಂದಿ ಕೂತರೆ ಅದೇ ವ್ಯಾಗನ್. ಆ ಹೆಸರು ಹೇಳಿದರೆ ಮಾರಾಟವಾಗದು ಎಂಬುದು ಕಂಪನಿಗೂ ಗೊತ್ತು.

ಬುಧವಾರದ ಕೂಲರ್ ಅಂತೂ ಮರೀನಾದೊಳಗೆ ಹೋಯಿತು. ಬೋಗುಣಿಗಳನ್ನು ಒಂದರೊಳಗೊಂದು ಕೂಡಿಸಿ ಮುಂದೆ ಸರಿಸಿದರು, ಸೀಟು ಮಡಚಿದರು, ಕೂಲರನ್ನು ಬೆನ್ನ ಮೇಲೆ ಮಲಗಿಸಿ ಜಾರಿಸಿದರು. ಪಂಪ್ ಅಲುಗದಂತೆ ಹಿರಿಯರು ಹೆಗಲ ಮೇಲಿನ ಟವೆಲನ್ನೇ ತುರುಕಿದರು. ಎರಡು ನಿಮಿಷದ ಕೆಲಸ. ಸೆಡಾನಿನ ಯಜಮಾನ ಈಗ ತಣ್ಣಗಾಗಿದ್ದ. "ಕಾಕಾ, ಈ ಗಾಡಿ ಕೊಡ್ತೀರೇನ್ರಿ?" ಎಂದು ಅರ್ಧ ತಮಾಷೆಗೆ ಕೇಳಿದ. ಕಾಕಾ ಉತ್ತರ ಕೊಡಲಿಲ್ಲ. ಅವರ ಕಣ್ಣು ಬಾಗಿಲಿನ ಮೇಲಿತ್ತು. ಶಾಕಪ್‌ಗಳು ಯಾವಾಗಲೋ ಸತ್ತಿದ್ದವು, ಅಷ್ಟು ದೊಡ್ಡ ಬಾಗಿಲನ್ನು ಎತ್ತಿ ನಿಲ್ಲಿಸಿದ್ದು ಒಂದು ಹಳೇ ಕ್ರಿಕೆಟ್ ಸ್ಟಂಪ್.

"ತಮ್ಮಾ, ಆ ಕೋಲು ತಗೀ," ಅಂದರು. ಅವನು ಕೈ ಹಾಕುವುದರೊಳಗೆ ಮತ್ತೆ ಕೂಗಿದರು, "ಮೊದಲು ತಲಿ ಹೊರಗ ತಗೀ!"