ಜಾಬ್ ಕಾರ್ಡಿನಲ್ಲಿ ಬರೆಯದ ಕಾರಣ

ಹುಬ್ಬಳ್ಳಿ, 14 ಜುಲೈ 2025, ಸೋಮವಾರ

ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ, ತರಕಾರಿ ಸಾಗಿಸುವ ಬ್ಯಾಹಟ್ಟಿಯ ಹುಡುಗನೊಬ್ಬನ ಡೀಸೆಲ್ ಗಾಡಿ ಕಳೆದ ವಾರ ನವಲೂರಿನ ಬಳಿ ಎಳೆತ ಕಳೆದುಕೊಂಡು ನಿಂತಿತು. ಮೂರು ವರ್ಷದ ವಾರಂಟಿಯಲ್ಲಿ ಎರಡನೆಯ ವರ್ಷ ಇನ್ನೂ ಮುಗಿದಿಲ್ಲ. ಗಾಡಿಯನ್ನು ಎಳೆಸಿಕೊಂಡು ಷೋರೂಮಿಗೆ ಒಯ್ದಾಗ, ಬಿಚ್ಚಿ ನೋಡಿದವರು ಡೀಸೆಲ್ ತಳ್ಳುವ ಹೈ ಪ್ರೆಷರ್ ಪಂಪು ಹೋಗಿದೆ, ಅದರ ಮುಂದಿನ ಕೊಳವೆಯಾದ ರೇಲಿನಲ್ಲಿ ಲೋಹದ ಪುಡಿ ಸಿಕ್ಕಿದೆ, ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳನ್ನೂ ಬದಲಿಸಬೇಕು ಎಂದು ಹೇಳಿ 78,400 ರೂಪಾಯಿಯ ಅಂದಾಜು ಪಟ್ಟಿಯನ್ನು ಕೈಗಿತ್ತರು. ವಾರಂಟಿಯ ಮಾತೆತ್ತಿದ ಕೂಡಲೇ ಸರ್ವಿಸ್ ಅಡ್ವೈಸರ್ ಡೀಸೆಲ್ ಫಿಲ್ಟರಿನತ್ತ ಬೆರಳು ಮಾಡಿ, "ಲೋಕಲ್ ಫಿಲ್ಟರ್ ಹಾಕ್ಸೀರಿ, ವಾರಂಟಿ ಹೋತ್ರೀ" ಎಂದನಂತೆ. ಆ ಫಿಲ್ಟರನ್ನು ಮಾರಿದವನು ನಾನು. ಆದ್ದರಿಂದ ಈ ವ್ಯಾಜ್ಯದಲ್ಲಿ ನಾನು ತಟಸ್ಥನಲ್ಲ ಎಂಬುದನ್ನು ಓದುವವರು ಮೊದಲೇ ತಿಳಿದಿರಲಿ.

ನನ್ನ ಬಿಡಿಭಾಗಗಳ ಅಂಗಡಿಯ ಕೌಂಟರಿಗೆ ಬರುವ ಮಾಲಿನಲ್ಲಿ ಮೂರು ಬಗೆಯಿದೆ. ವಾಹನ ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬರುವುದು ಒಂದು. ಅಂಥ ಕಂಪನಿಗಳಿಗೆ ಬಿಡಿಭಾಗ ಪೂರೈಸುವ ತಯಾರಕರೇ ತಮ್ಮ ಸ್ವಂತ ಡಬ್ಬಿಯಲ್ಲಿ ಮಾರುವುದು ಇನ್ನೊಂದು. ಹೆಸರು, ಹೊಲೊಗ್ರಾಮ್ ಎಲ್ಲವನ್ನೂ ನಕಲು ಮಾಡಿದ ಡುಪ್ಲಿಕೇಟ್ ಮೂರನೆಯದು. ಹಳೆಯ ಮಿಸ್ತ್ರಿಗಳು ಇಂದಿಗೂ ಮೈಕೋ ಎಂದೇ ಕರೆಯುವ ಬಾಷ್ ಕಂಪನಿಯಾಗಲಿ, ಲುಕಾಸ್ ಟಿವಿಎಸ್ ಆಗಲಿ, ವಾಹನ ಕಾರ್ಖಾನೆಗಳಿಗೂ ಮಾಲು ಕೊಡುತ್ತವೆ, ನಮ್ಮಂಥ ಅಂಗಡಿಗಳಿಗೂ ಕೊಡುತ್ತವೆ. ಷೋರೂಮಿನ ಕೌಂಟರಿನಲ್ಲಿ ಮಾತ್ರ ಎರಡನೆಯದಕ್ಕೂ ಮೂರನೆಯದಕ್ಕೂ ಒಂದೇ ಹೆಸರು: ಲೋಕಲ್. ಡುಪ್ಲಿಕೇಟ್ ಮಾಲು ಈ ಊರಿನ ಮಾರುಕಟ್ಟೆಯಲ್ಲಿ ಇಲ್ಲವೆಂದು ನಾನು ಹೇಳಲಾರೆ, ಧಾರಾಳವಾಗಿ ಇದೆ; ಅದರ ವಿಷಯದಲ್ಲಿ ಷೋರೂಮಿನವರ ಸಿಟ್ಟು ನನಗೂ ಇದೆ. ಆದರೆ ಬ್ಯಾಚ್ ನಂಬರು, ಜಿಎಸ್‌ಟಿ ಬಿಲ್ಲು ಎರಡೂ ಇರುವ ಫಿಲ್ಟರನ್ನು ಅದೇ ಸಾಲಿಗೆ ಸೇರಿಸುವುದು ನ್ಯಾಯವಲ್ಲ.

ಹುಡುಗ ವಾರಂಟಿ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದಿದ್ದ. ಇಬ್ಬರೂ ಕೂತು ಓದಿದೆವು. ಕಂಪನಿಯದಲ್ಲದ ಬಿಡಿಭಾಗದ ಬಳಕೆಯಿಂದ ಉಂಟಾದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಮುದ್ರಿಸಿದ್ದಾರೆ. ಅಂದರೆ ಫಿಲ್ಟರಿನಿಂದಲೇ ಪಂಪು ಕೆಟ್ಟಿದ್ದರೆ ಕಂಪನಿ ಹಣ ಕೊಡಬೇಕಿಲ್ಲ. ಫಿಲ್ಟರಿಗೂ ಪಂಪಿಗೂ ಸಂಬಂಧವೇ ಇಲ್ಲದಿದ್ದರೆ ಕೊಡಬೇಕು. ಬೇರೆ ಫಿಲ್ಟರ್ ಹಾಕಿಸಿದ ಮಾತ್ರಕ್ಕೆ ಇಡೀ ಗಾಡಿಯ ವಾರಂಟಿ ಬಿದ್ದುಹೋಗುತ್ತದೆ ಎಂಬ ಸಾಲು ಆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅಡ್ವೈಸರ್ ಹೇಳಿದ್ದು ಪುಸ್ತಕಕ್ಕಿಂತ ಬಹಳ ದೊಡ್ಡ ಮಾತು.

ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯು ಇಂಥದೇ ಬ್ರ್ಯಾಂಡಿನ ಭಾಗ ಬಳಸಿದರೆ ಮಾತ್ರ ವಾರಂಟಿ ಎಂಬ ಷರತ್ತನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ನಮ್ಮಲ್ಲಿ ಈ ದಾರಿಯಲ್ಲಿ ನಡೆದ ದೊಡ್ಡ ಪ್ರಕರಣವೆಂದರೆ, ವ್ಯಾಪಾರದಲ್ಲಿ ನ್ಯಾಯವಾದ ಪೈಪೋಟಿಯನ್ನು ಕಾಯುವ ಭಾರತೀಯ ಸ್ಪರ್ಧಾ ಆಯೋಗವು 25 ಆಗಸ್ಟ್ 2014ರಂದು ಕೊಟ್ಟ ಆದೇಶ. 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿದ ಆ ಆದೇಶದಲ್ಲಿ, ಹೊರಗಿನ ಮಿಸ್ತ್ರಿಯ ಬಳಿ ಕೆಲಸ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡುವ ಷರತ್ತು ಹಾಕಕೂಡದು, ಹೊರಗಿನ ದೋಷಪೂರಿತ ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ರದ್ದುಮಾಡಬಹುದು ಎಂದು ಹೇಳಲಾಗಿತ್ತು. ಮುಂದೆ ಮೇಲ್ಮನವಿಗಳು ನಡೆದು, 2016ರ ಡಿಸೆಂಬರಿನಲ್ಲಿ ಮೂರು ಕಂಪನಿಗಳ ದಂಡ ಇಳಿಯಿತು. ಅದು ಕಾರುಗಳ ಪ್ರಕರಣ, ನಮ್ಮದು ಸರಕು ಗಾಡಿ. ಹಾಗಾಗಿ ಆ ಆದೇಶವನ್ನು ಷೋರೂಮಿನ ಮೇಜಿನ ಮೇಲೆ ಬಡಿದು ತೋರಿಸುವಂತಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅಲ್ಲಿರುವುದೇ: ಹಾನಿ ಯಾವುದರಿಂದ ಆಯಿತು?

ಈ ಪ್ರಶ್ನೆಗೆ ರೇಲಿನಲ್ಲಿ ಸಿಕ್ಕ ಲೋಹದ ಪುಡಿ ಉತ್ತರ ಕೊಡುವುದಿಲ್ಲ. ಟ್ಯಾಂಕಿನಿಂದ ಹೊರಟ ಡೀಸೆಲ್ ಮೊದಲು ಫಿಲ್ಟರನ್ನು ದಾಟುತ್ತದೆ, ಆಮೇಲೆ ಪಂಪಿಗೆ ಬರುತ್ತದೆ, ಪಂಪು ಅದನ್ನು ಒತ್ತಡದ ಅಳತೆಯಾದ ‘ಬಾರ್’ ಲೆಕ್ಕದಲ್ಲಿ ಸಾವಿರಕ್ಕೂ ಮಿಕ್ಕ ಒತ್ತಡದಲ್ಲಿ ರೇಲಿಗೆ ತಳ್ಳುತ್ತದೆ, ರೇಲಿನಿಂದ ಇಂಜೆಕ್ಟರುಗಳಿಗೆ ಹೋಗುತ್ತದೆ. ರೇಲು ಇರುವುದು ಪಂಪಿನ ನಂತರ. ಅಲ್ಲಿ ಹೊಳೆಯುವ ಪುಡಿ ಇದ್ದರೆ ಪಂಪು ಒಳಗೊಳಗೇ ಸವೆದಿದೆ ಎಂದಷ್ಟೇ ತಿಳಿಯಬೇಕು. ಸವೆತಕ್ಕೆ ಫಿಲ್ಟರು ದಾಟಿ ಬಂದ ಧೂಳು ಕಾರಣವಾಗಿರಬಹುದು, ಡೀಸೆಲ್ಲಿನಲ್ಲಿ ಸೇರಿದ ನೀರು ಕಾರಣವಾಗಿರಬಹುದು, ಪಂಪಿನ ತಯಾರಿಕೆಯ ದೋಷವೂ ಆಗಿರಬಹುದು. ಡೀಸೆಲ್ಲಿನ ಜಿಡ್ಡೇ ಇಂಥ ಪಂಪಿಗೆ ಎಣ್ಣೆಯ ಕೆಲಸ ಮಾಡುವುದರಿಂದ ನೀರು ಸೇರಿದರೆ ಅದು ಬೇಗ ಹಾಳಾಗುತ್ತದೆ. ಈ ಮೂರರಲ್ಲಿ ಯಾವುದು ಎಂಬುದನ್ನು ಪತ್ತೆಹಚ್ಚಲು ಫಿಲ್ಟರನ್ನು ಕೊಯ್ದು ನೋಡಬೇಕು, ಟ್ಯಾಂಕಿನ ಡೀಸೆಲ್ ಪರೀಕ್ಷಿಸಬೇಕು, ಪಂಪಿನ ಒಳಭಾಗವನ್ನೂ ಬಿಚ್ಚಿ ನೋಡಬೇಕು. ಷೋರೂಮಿನವರು ಇವುಗಳಲ್ಲಿ ಒಂದನ್ನೂ ಮಾಡಿರಲಿಲ್ಲ. ಫಿಲ್ಟರಿನ ಮೇಲಿನ ಹೆಸರನ್ನು ಓದಿದ್ದರು, ಅಷ್ಟೆ.

ಷೋರೂಮಿನವರ ಮಾತು ಸರಿಯಾಗಿರುವ ಪ್ರಕರಣಗಳನ್ನೂ ನಾನು ಕಂಡಿದ್ದೇನೆ. 60/55 ವ್ಯಾಟಿನ ಹೆಡ್‌ಲೈಟ್ ಬಲ್ಬು ತೆಗೆದು, ಹೆಚ್ಚಿನ ವಿದ್ಯುತ್ತನ್ನು ಬೇರೆ ದಾರಿಯಲ್ಲಿ ಹರಿಸುವ ರಿಲೇ ಹಾಕಿಸದೆ, 100/90ರ ಬಲ್ಬನ್ನು ಅದೇ ವೈರಿಗೆ ಸಿಕ್ಕಿಸಿದರೆ, ಐದು ಆಂಪಿಯರಿಗೆ ಮಾಡಿದ ದಾರಿಯಲ್ಲಿ ಎಂಟು ಆಂಪಿಯರಿಗಿಂತ ಹೆಚ್ಚು ಹರಿಯುತ್ತದೆ. ವೈರು ಜೋಡಿಸುವ ಕಪ್ಲರ್ ಕರಗಿ ವೈರಿಂಗ್ ಸುಟ್ಟ ಮೇಲೆ ವಾರಂಟಿ ಕೇಳಲು ಹೋಗಬೇಡಿ ಎಂದು ಗಿರಾಕಿಗಳಿಗೆ ನಾನೇ ಹೇಳುತ್ತೇನೆ. ಹಾಡಿನ ಪೆಟ್ಟಿಗೆ ಕೂರಿಸಲು ಮೂಲ ವೈರು ಕತ್ತರಿಸಿದವರ ಪಾಡೂ ಅಷ್ಟೇ. ಆದರೆ ಆ ಬಲ್ಬನ್ನು ನೆಪ ಮಾಡಿಕೊಂಡು ಗೇರ್‌ಬಾಕ್ಸಿನ ವಾರಂಟಿಯನ್ನೂ ನಿರಾಕರಿಸುವವರು ಇದ್ದಾರೆ.

ಹುಡುಗನಿಗೆ ಈ ದಿನ ನಾನು ಹೇಳಿದ ಮೊದಲ ಮಾತೆಂದರೆ ಫಿಲ್ಟರಿಗೆ ಯಾರೂ ಕೈ ಹಚ್ಚಬಾರದು ಎಂಬುದು. ನನ್ನ ಅಂಗಡಿಯ ಪಕ್ಕದ ಮಿಸ್ತ್ರಿ ಆಗಲೇ ಹ್ಯಾಕ್ಸಾ ಬ್ಲೇಡು ಕೈಗೆತ್ತಿಕೊಂಡಿದ್ದ. ಅದರಿಂದ ಕೊಯ್ದರೆ ಬ್ಲೇಡಿನ ಕಬ್ಬಿಣದ ಪುಡಿಯೇ ಫಿಲ್ಟರಿನ ಕಾಗದದ ಮೇಲೆ ಬೀಳುತ್ತದೆ. ಮೇಲಾಗಿ ನಾವೊಬ್ಬರೇ ಕೊಯ್ದರೆ ಸಾಕ್ಷ್ಯ ಕೆಡಿಸಿದರು ಎಂಬ ಮಾತು ನಾಳೆ ಬರುತ್ತದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ 38ನೆಯ ಪ್ರಕರಣದ ಪ್ರಕಾರ, ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ದೋಷ ನಿರ್ಧರಿಸಲಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವೇ ಮಾದರಿ ಪಡೆದು ಮೊಹರು ಮಾಡಿ ಕಳಿಸಬಹುದು. ಕಳಿಸಲು ವಸ್ತು ಇದ್ದ ಸ್ಥಿತಿಯಲ್ಲೇ ಉಳಿದಿರಬೇಕಲ್ಲ. ಗಾಡಿಯಿಂದ ಕಳಚಿದ ಪಂಪನ್ನೂ ಇಂಜೆಕ್ಟರುಗಳನ್ನೂ ಗುಜರಿಗೆ ಹಾಕದಂತೆ ಬರವಣಿಗೆಯಲ್ಲಿ ಕೇಳಿಕೊಳ್ಳಲು ಹೇಳಿದೆ.

ಎರಡನೆಯ ಮಾತು, ನಿರಾಕರಣೆಯ ಕಾರಣವನ್ನು, ರಿಪೇರಿಯ ವಿವರ ಬರೆಯುವ ಷೋರೂಮಿನ ಹಾಳೆಯಾದ ಜಾಬ್ ಕಾರ್ಡಿನ ಮೇಲೆ ಬರೆಸಿಕೊಳ್ಳಬೇಕು ಎಂಬುದು. ಅವನು ಹೋಗಿ ಕೇಳಿದಾಗ, ಸಿಸ್ಟಮ್ಮಿನಲ್ಲಿ ಅಂಥ ಕಾಲಮ್ ಇಲ್ಲ ಎಂಬ ಉತ್ತರ ಬಂತು. ಬಾಯಲ್ಲಿ ಇಷ್ಟು ಧೈರ್ಯವಾಗಿ ಹೇಳುವ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲು ಇಷ್ಟು ಸಂಕೋಚವೇಕೆ ಎಂಬುದು ವ್ಯಾಪಾರದಲ್ಲಿರುವ ಯಾರಿಗೂ ತಿಳಿಯದ ಸಂಗತಿಯೇನಲ್ಲ. ಸಂಜೆ ಕೂತು ಒಂದು ಪತ್ರ ಸಿದ್ಧಪಡಿಸಿದೆವು: ಪಂಪಿನ ವೈಫಲ್ಯಕ್ಕೂ ಫಿಲ್ಟರಿಗೂ ಇರುವ ಸಂಬಂಧವನ್ನು ಯಾವ ಪರೀಕ್ಷೆಯಿಂದ ಕಂಡುಕೊಂಡಿರಿ, ಅದರ ವರದಿ ಕೊಡಿ, ಇಲ್ಲವಾದರೆ ಉಭಯರ ಸಮ್ಮುಖದಲ್ಲಿ ಫಿಲ್ಟರನ್ನು ತೆರೆಯಿರಿ. ಅದರ ಒಂದು ಪ್ರತಿಯನ್ನು ತಯಾರಕ ಕಂಪನಿಗೆ ಇಮೇಲಿನಲ್ಲೂ ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಿದ್ದಾಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಹುಡುಗ ದೂರಿನ ಸಂಖ್ಯೆಯನ್ನೂ ಪಡೆದ.

ಸರಕು ಗಾಡಿ ವಾಣಿಜ್ಯ ಬಳಕೆಯದು, ಇವನು ಗ್ರಾಹಕನೇ ಅಲ್ಲ ಎಂಬ ಆಕ್ಷೇಪವನ್ನು ಎದುರು ಪಕ್ಷದ ವಕೀಲರು ಎತ್ತುವುದು ಹಳೆಯ ರೂಢಿ. ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ತಾನೇ ಬಳಸುವ ವಸ್ತುವನ್ನು ಕಾಯ್ದೆ ವಾಣಿಜ್ಯ ಉದ್ದೇಶದಿಂದ ಹೊರಗಿಟ್ಟಿದೆ. ಇವನಿಗೆ ಇರುವುದು ಒಂದೇ ಗಾಡಿ, ಓಡಿಸುವವನೂ ಇವನೇ. ಗಾಡಿಯ ಬೆಲೆ ಐದು ಲಕ್ಷಕ್ಕಿಂತ ಹೆಚ್ಚು, ಹತ್ತು ಲಕ್ಷದ ಒಳಗೆ ಇರುವುದರಿಂದ ಧಾರವಾಡದ ಜಿಲ್ಲಾ ಆಯೋಗದಲ್ಲಿ ದೂರಿನ ಶುಲ್ಕ 200 ರೂಪಾಯಿ. ಕಾರಣ ಉಂಟಾದ ದಿನದಿಂದ ಎರಡು ವರ್ಷದವರೆಗೆ ಕಾಲಾವಕಾಶವೂ ಇದೆ. ಅವನ ಚಿಂತೆ ಶುಲ್ಕದ್ದಲ್ಲ. ತಿಂಗಳ ಕಂತು ನಿಲ್ಲುವುದಿಲ್ಲ, ಗಾಡಿ ಮಾತ್ರ ನಿಂತಿದೆ.

24 ಜುಲೈ 2025, ಗುರುವಾರ

ಪತ್ರಕ್ಕೆ ಫಲ ಸಿಕ್ಕಿತು. ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್ ಬರುತ್ತಾರೆ ಎಂದು ಕರೆ ಬಂದ ಮೇಲೆ ನಾನೂ ಮಿಸ್ತ್ರಿಯೂ ಹುಡುಗನ ಜೊತೆಗೆ ಷೋರೂಮಿಗೆ ಹೋದೆವು. ಬಂದವರು ಮಧ್ಯವಯಸ್ಸಿನ, ಮಿತಭಾಷಿಯಾದ ಮನುಷ್ಯ, ನನ್ನನ್ನು ಕಂಡು, "ಫಿಲ್ಟರ್ ಮಾರಿದವರು ನೀವೇ ಏನ್ರೀ?" ಎಂದು ಕೇಳಿ, ಹೌದೆಂದಾಗ ಸುಮ್ಮನೆ ತಲೆಯಾಡಿಸಿದರು.

ಮಿಸ್ತ್ರಿ ಪೈಪು ಕತ್ತರಿಸುವ ಚಕ್ರದ ಕಟರನ್ನು ತಂದಿದ್ದ. ಹುಡುಗನ ಗೆಳೆಯ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಂತೆ ಮೊದಲು ಬ್ಯಾಚ್ ನಂಬರನ್ನು ಬಿಲ್ಲಿನ ಜೊತೆಗಿಟ್ಟು ತೋರಿಸಿ, ಆಮೇಲೆ ಫಿಲ್ಟರಿನ ಕಂಠದ ಸುತ್ತ ಕಟರನ್ನು ನಿಧಾನವಾಗಿ ತಿರುಗಿಸಿ ಮುಚ್ಚಳ ಬಿಡಿಸಿದ. ತಳದಲ್ಲಿದ್ದ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಬಸಿದಾಗ ಅಡಿಯಲ್ಲಿ ನೀರಿನ ಗೆರೆ ಕಾಣಲಿಲ್ಲ. ಒಳಗಿನ ಕಾಗದವನ್ನು ಹೊರತೆಗೆದು ಬಿಳಿ ಬಟ್ಟೆಯ ಮೇಲೆ ಸೀರೆಯ ನೆರಿಗೆಯಂತೆ ಬಿಡಿಸಿದರು. ಹೊರಮೈ ಕಂದುಗಪ್ಪು, ಒಳಮೈ ಬಹುಮಟ್ಟಿಗೆ ಬಿಳಿ, ಅಂದರೆ ಕೊಳೆ ಹೊರಗೇ ತಡೆದು ನಿಂತಿತ್ತು. ಎಲ್ಲಿಯೂ ಹರಿದಿರಲಿಲ್ಲ, ಅಂಟು ಬಿಟ್ಟಿರಲಿಲ್ಲ. ರಬ್ಬರ್ ಸೀಲಿನ ಮೇಲೆ ಅಚ್ಚು ಸುತ್ತಲೂ ಸಮನಾಗಿ ಮೂಡಿತ್ತು, ಅಂದರೆ ಫಿಲ್ಟರ್ ಸರಿಯಾಗಿ ಕೂತಿತ್ತು. ತಗಡಿನ ಒಳಭಾಗದಲ್ಲಿ ತುಕ್ಕಿರಲಿಲ್ಲ. ಮ್ಯಾನೇಜರ್ ಸ್ವತಃ ಬೆಳಕಿಗೆ ಹಿಡಿದು ನೋಡಿ, ಆಯಸ್ಕಾಂತ ಆಡಿಸಿ, ತಮ್ಮ ವಹಿಯಲ್ಲಿ ಬರೆದುಕೊಂಡರು.

ಅಷ್ಟರಲ್ಲಿ ಷೋರೂಮಿನ ವರ್ಕ್ಸ್ ಮ್ಯಾನೇಜರ್ ಮಾತು ಬದಲಿಸಿ, ಫಿಲ್ಟರ್ ಸರಿ ಇದ್ದರೆ ಡೀಸೆಲ್ ಕಲಬೆರಕೆ ಇರಬೇಕು ಎಂದರು. ಈ ತಿರುವು ನನಗೆ ಅನಿರೀಕ್ಷಿತವಾಗಿರಲಿಲ್ಲ. ಇಂಥ ವ್ಯಾಜ್ಯಗಳಲ್ಲಿ ಒಂದು ನೆಪ ಬಿದ್ದ ಮೇಲೆ ಇನ್ನೊಂದು ಏಳುವುದು ಸಾಮಾನ್ಯ, ಬರೆಸಿಕೊಳ್ಳಬೇಕೆಂದು ನಾನು ಹಠ ಹಿಡಿಯುವುದೂ ಅದಕ್ಕಾಗಿಯೇ. ಹುಡುಗ ತನ್ನ ಮೊಬೈಲು ತೆಗೆದು, ಒಂದೇ ಬಂಕಿನಲ್ಲಿ ಡೀಸೆಲ್ ಹಾಕಿಸಿ ಯುಪಿಐನಲ್ಲಿ ಹಣ ಕೊಟ್ಟ ಪಟ್ಟಿಯನ್ನು ತೋರಿಸಿದ. ಟ್ಯಾಂಕಿನಿಂದ ತೆಗೆದ ಡೀಸೆಲ್ಲನ್ನು ಎರಡು ಡಬ್ಬಿಗಳಲ್ಲಿ ತುಂಬಿ, ಮೊಹರು ಮಾಡಿ, ಎರಡೂ ಕಡೆಯವರ ಸಹಿ ಹಾಕಿಸಿ, ಒಂದನ್ನು ಕಂಪನಿಯ ಮ್ಯಾನೇಜರ್ ತಮ್ಮ ಪ್ರಯೋಗಾಲಯಕ್ಕೆಂದು ಒಯ್ದರು, ಇನ್ನೊಂದನ್ನು ಹುಡುಗನಿಗೆ ಕೊಟ್ಟರು. ಪಂಪೂ ಅವರ ಜೊತೆಗೆ ಹೋಯಿತು, ರಸೀದಿಯೊಂದಿಗೆ. ಜಾಬ್ ಕಾರ್ಡಿನಲ್ಲಿ ಇಲ್ಲದಿದ್ದ ಕಾಲಮ್ ಈಗ ಹಿಂಬದಿಯಲ್ಲಿ ಹುಟ್ಟಿಕೊಂಡಿತ್ತು. ಫಿಲ್ಟರಿನಲ್ಲಿ ದೋಷ ಕಂಡಿಲ್ಲ, ಪಂಪನ್ನು ವಿಶ್ಲೇಷಣೆಗೆ ಕಳಿಸಲಾಗಿದೆ ಎಂದು ಮ್ಯಾನೇಜರ್ ತಮ್ಮ ಕೈಬರಹದಲ್ಲೇ ಬರೆದರು.

9 ಆಗಸ್ಟ್ 2025, ಶನಿವಾರ

ಕಂಪನಿ ಪಂಪನ್ನೂ ಇಂಜೆಕ್ಟರುಗಳನ್ನೂ ವಾರಂಟಿಯಲ್ಲಿ ಕೊಟ್ಟಿದೆ. ಡೀಸೆಲ್ ವರದಿಯನ್ನಾಗಲಿ ಪಂಪಿನ ವಿಶ್ಲೇಷಣೆಯನ್ನಾಗಲಿ ನಮಗೆ ಕಳಿಸಿಲ್ಲ. ಟ್ಯಾಂಕು ತೊಳೆದದ್ದು, ಪೈಪುಗಳು ಮತ್ತು ಕೂಲಿ ಎಂದು ಷೋರೂಮಿನವರು 9,650 ರೂಪಾಯಿ ಕೇಳಿದರು. ಜೊತೆಗೆ, ಇದು ಕಂಪನಿಯ ಸೌಜನ್ಯದ ನೆರವು, ಇನ್ನು ಮುಂದೆ ಈ ಕುರಿತು ಯಾವ ತಕರಾರೂ ಇಲ್ಲ ಎಂಬ ಒಕ್ಕಣೆಯ ಕಾಗದಕ್ಕೆ ಸಹಿ ಬೇಡಿದರು. ವಾರಂಟಿಯ ಹಕ್ಕನ್ನು ಸೌಜನ್ಯವೆಂದು ಬರೆಸಿಕೊಂಡರೆ ಮುಂದಿನ ಸಲ ಆ ಸೌಜನ್ಯ ಇರಲೇಬೇಕೆಂದೇನಿಲ್ಲ. ಸಹಿ ಹಾಕಬೇಡ ಎಂದು ಫೋನಿನಲ್ಲಿ ಹೇಳಿದೆ.

"ಹೆಸರುಕಾಳಿನ ರಾಶಿ ಸುರು ಆಗೇತಿ ಕಾಕಾ, ಗಾಡಿ ಬಿಟ್ಟು ಬರಾಕ ಆಗೂದಿಲ್ಲ" ಎಂದ. ಅವನ ಕಷ್ಟವೂ ಸುಳ್ಳಲ್ಲ. ಈ ಕೆಲವು ವಾರಗಳ ಬಾಡಿಗೆಯಲ್ಲೇ ಬಾಕಿ ಉಳಿದ ಕಂತುಗಳನ್ನು ತೀರಿಸಬೇಕು. ಕೊನೆಗೆ ಹಣ ಕಟ್ಟಿದ, ಸೌಜನ್ಯದ ಕಾಗದಕ್ಕೆ ಮಾತ್ರ ಸಹಿ ಹಾಕಲಿಲ್ಲ. ಬಿಲ್ಲಿನ ಎರಡೂ ಪ್ರತಿಗಳ ಮೇಲೆ "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಎಂದು ಬರೆದು ಸಹಿ ಮಾಡಿದಾಗ ಕ್ಯಾಷಿಯರ್ ಒಳಗೆ ಹೋಗಿ ಕೇಳಿ ಬಂದು ಸೀಲು ಒತ್ತಿದನಂತೆ. ಆ 9,650 ರೂಪಾಯಿಗೂ ಗಾಡಿ ನಿಂತ ದಿನಗಳ ನಷ್ಟಕ್ಕೂ ನೋಟೀಸು ಕೊಡಲು, ರಾಶಿ ಮುಗಿದ ಮೇಲೆ ಧಾರವಾಡಕ್ಕೆ ಹೋಗಿ ವಕೀಲರನ್ನು ಕಾಣುವುದೆಂದು ತೀರ್ಮಾನವಾಗಿದೆ. ಜಾಬ್ ಕಾರ್ಡು, ಬಿಲ್ಲು, ಮೊಹರು ಮಾಡಿದ ಡಬ್ಬಿ, ಪಂಪಿನ ರಸೀದಿ ಮತ್ತು ವಿಡಿಯೋದ ಪ್ರತಿ ಸದ್ಯ ನನ್ನ ಅಂಗಡಿಯ ಕಪಾಟಿನಲ್ಲಿವೆ.