ಮಾಳಿಗೆ ಮೇಲಿನ ವಾಕಿಂಗ್

ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದಿದ್ದು 2019ರಿಂದ 21ರವರೆಗೆ. ಆಟಕ್ಕೂ ನನಗೂ ಎಣ್ಣೆ-ಸೀಗೆಕಾಯಿ. ಆದರೆ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಆ ಕ್ಯಾಂಪಸ್ಸು ಯಾರನ್ನೂ ಕೂತಲ್ಲಿ ಕೂಡಗೊಡುತ್ತಿರಲಿಲ್ಲ. ಹಾಸ್ಟೆಲಿನಿಂದ ವಿಭಾಗಕ್ಕೆ, ಅಲ್ಲಿಂದ ಗ್ರಂಥಾಲಯಕ್ಕೆ, ಊಟಕ್ಕೆ ಮೆಸ್ಸಿಗೆ, ಸಂಜೆ ಗೆಳತಿಯರ ಜೊತೆ ಹರಟುತ್ತ ಇನ್ನೊಂದು ಸುತ್ತು. ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮದು ಬುಧವಾರದೊಳಗೇ ಮುಗಿದಿರುತ್ತಿತ್ತು!

2020ರ ಮಾರ್ಚ್ 14ರಿಂದ ಒಂದು ವಾರ ರಜೆ ಅಂದರು. ಎರಡು ಜೊತೆ ಬಟ್ಟೆ ತಗೊಂಡು ರೋಣ ತಾಲ್ಲೂಕಿನ ನಮ್ಮೂರಿಗೆ ಬಂದೆ. 25ಕ್ಕೆ ದೇಶಕ್ಕೇ ಬೀಗ ಬಿತ್ತು.

ಕ್ಲಾಸು ಮೊಬೈಲಿಗೆ ಬಂದವು. ಸಿಗ್ನಲ್ ಸಿಗುವುದು ಮಾಳಿಗೆ ಮೇಲೆ ಮಾತ್ರ. ಕಾಲು ಜೋಮು ಹಿಡಿದಾಗ ಬೆಳಕಿಂಡಿಯ ಸುತ್ತ ನಡೆಯತೊಡಗಿದೆ. ನಮ್ಮದು ಮಣ್ಣಿನ ಮಾಳಿಗೆ. ಕೆಳಗಿನಿಂದ ಅಜ್ಜಿಯ ಕೂಗು: “ಯವ್ವಾ, ಅಡ್ಡಾಡೂದು ಬಿಡ, ರೊಟ್ಟಿ ಮ್ಯಾಲೆ ಮಣ್ಣ ಉದರಾಕತ್ತೈತಿ!” ಲಾಕ್‌ಡೌನ್ ಸಡಿಲಾದ ಮೇಲೆ ಓಣಿಗಿಳಿದರೆ, ಕಟ್ಟೆ ಮೇಲೆ ಕೂತವರೆಲ್ಲ “ಎಲ್ಲಿಗೆ ಹೊಂಟಿಯವಾ?” ಕೆಲಸವಿಲ್ಲದೆ ಹುಡುಗಿ ನಡೆಯುವುದೆಂದರೆ ಊರಿಗೆ ಉತ್ತರ ಕೊಡಬೇಕು. ಧಾರವಾಡದಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಕ್ಯಾಂಪಸ್ ಮುಚ್ಚಿದಾಗ ಹುಡುಗಿಯರು ಕಳೆದುಕೊಂಡದ್ದರಲ್ಲಿ ಇದೇ ದೊಡ್ಡದೆಂದು ನನಗನಿಸುತ್ತದೆ. ಇದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಮ್ಮ ಬ್ಯಾಚಿನ ಕಬಡ್ಡಿ ಆಟಗಾರನೊಬ್ಬನ ಕಥೆ ಬೇರೆ. ಹೊಲದಲ್ಲಿ ಹೆಸರು ಬಿತ್ತಿದ, ಎಡೆ ಹೊಡೆದ, ಚೀಲ ಹೊತ್ತ. ಮೈ ಕಲ್ಲಿನಂತಾಯಿತು. ನವೆಂಬರ್ 17ಕ್ಕೆ ಅಂತಿಮ ವರ್ಷದವರಿಗೆ ತರಗತಿ ಶುರುವಾದಾಗ, ಕೊರೊನಾ ನೆಗೆಟಿವ್ ವರದಿ ಹಿಡಿದು ಅವನೂ ಬಂದ. ಗುಡ್ಡದ ಏರಿಗೆ ನಾನು ಏದುಸಿರು ಬಿಡುತ್ತಿದ್ದರೆ ಅವನು ಆರಾಮಾಗಿ ಹತ್ತಿದ. ಆದರೆ ರೇಡಿಗೆ ಹೋಗಿ ನೋಡಿದರೆ ದಮ್ಮಿಲ್ಲ, ಕಾಲಿಗೆ ಆ ಚುರುಕಿಲ್ಲ. “ಹೊಲದಾಗ ಯಾರ್ ನನ್ನ ಹಿಡ್ಯಾಕ ಬರ್ತಾರವಾ?” ಅಂದ.

ಮತ್ತೆ ಹದಕ್ಕೆ ಬರುವಷ್ಟರಲ್ಲಿ 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ. ಭುವನೇಶ್ವರದಲ್ಲಿ 2020ರ ಫೆಬ್ರುವರಿಯಲ್ಲಿ ಆರಂಭವಾಗಿದ್ದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಮುಂದಿನ ಆವೃತ್ತಿ ಬೆಂಗಳೂರಿನಲ್ಲಿ ನಡೆದದ್ದು 2022ರ ಏಪ್ರಿಲ್‌ಗೆ. ಅಷ್ಟೊತ್ತಿಗೆ ನಮ್ಮ ಎಂ.ಎ. ಮುಗಿದಿತ್ತು. ಅವನಿಗೆ ಆಡಲು ವಿಶ್ವವಿದ್ಯಾಲಯವೇ ಇರಲಿಲ್ಲ.